ತೋಳಿನ ಮೇಲಿನ ಸಹಿ

ನನ್ನ ತಮ್ಮನ ಎಡತೋಳಿನ ಮೇಲೆ ನಮ್ಮ ಶಾಸಕರ ಸಹಿ ಇದೆ. ಹೆಸರಲ್ಲ, ಚಿತ್ರವಲ್ಲ, ಸಹಿ. ಪ್ರತಿ ವರ್ಷ ಅವರು ಮನೆಮನೆಗೆ ಹಂಚುವ ಕ್ಯಾಲೆಂಡರಿನ ತಳದಲ್ಲಿ ಅಚ್ಚಾಗಿರುತ್ತದಲ್ಲ, ಅದೇ. ಮೊದಲ ಅಕ್ಷರ ದೊಡ್ಡದಾಗಿ ಸುತ್ತಿಕೊಂಡಿದೆ, ಉಳಿದದ್ದು ಅವಸರದಲ್ಲಿ ಓಡಿದೆ, ಕೆಳಗೊಂದು ಅಡ್ಡಗೆರೆ, ಗೆರೆಯ ಕೆಳಗೆ ಎರಡು ಚುಕ್ಕಿ. ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿರುವ ನಮ್ಮೂರಿನಲ್ಲಿ ಆ ಸಹಿಯನ್ನು ಗುರುತಿಸದವರಿಲ್ಲ. ಓದು ಬರಹ ಬಾರದ ನನ್ನಜ್ಜಿ ಕೂಡ ಯಾವ ಕಾಗದ ಕೈಗೆ ಕೊಟ್ಟರೂ ಮೊದಲು ತಳ ನೋಡಿ ಎರಡು ಚುಕ್ಕಿ ಇದೆಯೇ ಎಂದು ಹುಡುಕುತ್ತಿದ್ದಳು.

ಹುಡುಕದೆ ಏನು ಮಾಡಿಯಾಳು? ನಮ್ಮ ಮನೆ ನಿಂತಿರುವುದೇ ಆ ಸಹಿಯ ಆಸರೆಯಲ್ಲಿ. ಅಪ್ಪ ಊರಿನ ಹಾಲಿನ ಡೈರಿಯ ಕಾರ್ಯದರ್ಶಿಯಾದದ್ದು ಅದರಿಂದ. ಅಜ್ಜಿ ಸೊಂಟ ಮುರಿದುಕೊಂಡಾಗ ಹಾಸನದ ಆಸ್ಪತ್ರೆಯಲ್ಲಿ ಅವಳಿಗೊಂದು ಮಂಚ ಸಿಕ್ಕಿದ್ದು ಅದರಿಂದ. ನಾನು ಹೊಳೆನರಸೀಪುರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ವರ್ಷಕ್ಕೊಮ್ಮೆ ಬಾಗಿಲಲ್ಲಿ ನಿಂತು ಒಳಗೆ ಬರಲೇ ಎಂದು ಕೇಳುವವಳು. ಆ ಬಾಗಿಲು ತೆರೆಸಿದ್ದೂ ಅದೇ ಸಹಿ. ನಾನು ಇದನ್ನು ಆಡಿಕೊಂಡಾಗಲೆಲ್ಲ ಅಪ್ಪ, "ದ್ಯಾವ್ರು ಕೊಟ್ರೂ ಪೂಜಾರಿ ಕೊಡ್ಬೇಕಲ್ಲವ್ವಾ. ನಮಗೆ ಪೂಜಾರಿನೇ ಸಿಕ್ಕವ್ನೆ. ಸುಮ್ಕಿರು," ಎನ್ನುತ್ತಿದ್ದ.

ತಮ್ಮ ಹಚ್ಚೆ ಹಾಕಿಸಿಕೊಂಡದ್ದು ಶಾಸಕರ ಹುಟ್ಟುಹಬ್ಬದ ದಿನ, ಚನ್ನರಾಯಪಟ್ಟಣದಲ್ಲಿ. ಅದು ಅವರ ಕ್ಷೇತ್ರವಲ್ಲ, ಆದರೆ ಅಭಿಮಾನಿಗಳಿಗೆ ಕ್ಷೇತ್ರದ ಗಡಿ ಎಲ್ಲಿದೆ? ಒಂದು ಮೈದಾನದಲ್ಲಿ ಶಾಮಿಯಾನ ಹಾಕಿ ರಕ್ತದಾನ, ಕಬಡ್ಡಿ, ಬಿರಿಯಾನಿ, ಜೊತೆಗೆ ಬೆಂಗಳೂರಿನಿಂದ ಕರೆಸಿದ ಹಚ್ಚೆಯವರನ್ನೂ ಕೂರಿಸಿದ್ದರು. ಬಿಟ್ಟಿ. ಬಿಟ್ಟಿ ಎಂದರೆ ನಮ್ಮ ಕಡೆ ಹುಡುಗರು ಬೆನ್ನನ್ನೂ ಕೊಡುತ್ತಾರೆ. ನನ್ನ ತಮ್ಮ ಒಂದೆರಡು ವರ್ಷ ತಡವಾಗಿ ಪಿಯುಸಿ ಮುಗಿಸಿ, ಪಾಸಾದೆನೋ ಇಲ್ಲವೋ ಎಂಬ ಚಿಂತೆಯೂ ಇಲ್ಲದೆ ಬೈಕಿನ ಹಿಂದೆ ಬಾವುಟ ಕಟ್ಟಿಕೊಂಡು ತಿರುಗುತ್ತಿದ್ದ ಕಾಲ ಅದು. ಸಂಜೆ ತೋಳಿಗೆ ಪ್ಲಾಸ್ಟಿಕ್ ಸುತ್ತಿಕೊಂಡು ಬಂದ. ಅವ್ವ ಹಣೆ ಚಚ್ಚಿಕೊಂಡಳು. "ಮನೆದ್ಯಾವ್ರ ಎಸ್ರು ಆಕ್ಸಕ್ಕೆ ಜಾಗ ಇರ್ನಿಲ್ವಲಾ ನಿಂಗೆ," ಎಂದಳು. ಅಪ್ಪ ಮಾತ್ರ ಕನ್ನಡಕ ಹಾಕಿಕೊಂಡು, ಕ್ಯಾಲೆಂಡರಿನ ಪಕ್ಕ ಮಗನನ್ನು ನಿಲ್ಲಿಸಿ ಎರಡನ್ನೂ ಹೋಲಿಸಿ ನೋಡಿ, "ಅಚ್ಚು ಒಡ್ದಂಗದೆ ಕಣೇ," ಎಂದು ಬೆನ್ನು ತಟ್ಟಿದ.

ಅಜ್ಜಿಯ ಎರಡೂ ಮುಂಗೈ ತುಂಬ ಹಸಿರು ಹಚ್ಚೆ ಇತ್ತು. ಮದುವೆಗೆ ಮುಂಚೆ ಕೊರವಂಜಿಯಿಂದ ಹಾಕಿಸಿಕೊಂಡದ್ದು. ಅವಳು ಮೊಮ್ಮಗನ ತೋಳನ್ನು ಸವರಿ, "ಸತ್ತಾಗ ಮೈಮ್ಯಾಲಿನ ವಡ್ವೆ ಎಲ್ಲಾ ಬಿಚ್ಕತಾರೆ ಕಣ್ಲಾ. ಹಚ್ಚೆ ಒಂದೇಯ ಜತೇಲಿ ಬರಾದು," ಎಂದಳು. ಅವಳದು ಹೆಮ್ಮೆಯೋ ಎಚ್ಚರಿಕೆಯೋ ನನಗೆ ಆಗ ತಿಳಿಯಲಿಲ್ಲ. ಅಂದು ನಾವೆಲ್ಲ ನಕ್ಕೆವು.

ಶಾಸಕರು ಕೆಟ್ಟವರಲ್ಲ. ಇದನ್ನು ನಾನು ಸಿಟ್ಟಿನಲ್ಲಿ ಬರೆಯುತ್ತಿದ್ದರೂ ಹೇಳಲೇಬೇಕು. ಮರುವರ್ಷ ಅವರು ಸೈನ್ಯಕ್ಕೆ ಸೇರಬಯಸುವ ಹುಡುಗರಿಗೆ ತರಬೇತಿ ಶಿಬಿರ ಶುರುಮಾಡಿದರು. ಹೊಳೆನರಸೀಪುರದ ಹೊರಗೆ ಪಾಳುಬಿದ್ದಿದ್ದ ಜಾಗವನ್ನು ಮಟ್ಟ ಮಾಡಿಸಿ ಓಟದ ದಾರಿ ಮಾಡಿಸಿದರು, ಕಬ್ಬಿಣದ ಕಂಬ ನೆಡಿಸಿದರು, ಎಲ್ಲರಿಗೂ ಬೂಟು ಕೊಡಿಸಿದರು. ಬೆಳಗ್ಗೆ ಮೊಟ್ಟೆ, ಬಾಳೆಹಣ್ಣು. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು. ಚನ್ನರಾಯಪಟ್ಟಣದ ಕಡೆಯ ಒಬ್ಬ ನಿವೃತ್ತ ಸುಬೇದಾರರನ್ನು ತರಬೇತಿಗೆ ನೇಮಿಸಿದರು. ಉದ್ಘಾಟನೆಗೆ ನಾನೂ ಹೋಗಿದ್ದೆ. ಇನ್ನೂ ಇಬ್ಬನಿ ಆರದ ಹೊತ್ತಿನಲ್ಲಿ ಶಾಸಕರು ಶಾಲು, ಹಾರ ಏನೂ ಬೇಡವೆಂದು ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ನಿಂತು ಮಾತಾಡಿದರು.

"ನೋಡ್ರಪ್ಪಾ, ನನ್ ಇಂದೆ ಬೈಕಲ್ಲಿ ಸುತ್ತುದ್ರೆ ನಿಮ್ಗೆ ಪೆಟ್ರೋಲ್ ಸಿಕ್ತದೆ, ಊಟ ಸಿಕ್ತದೆ. ಬದ್ಕು ಸಿಕ್ಕಲ್ಲ. ನಾನ್ ಇಲ್ದಂಗಾದ್ಮೇಲೆ ನಿಮ್ಮನ್ನ ಕೇಳೋರ್ ಯಾರು? ಓಡಿ. ಓಡಿ ಎಲ್ಲಾರಾ ಓಗಿ ಸೇರ್ಕಳಿ."

ಹುಡುಗರು ಅವರಿಗೇ ಜೈಕಾರ ಹಾಕಿದರು. ಅವರು ಬೇಡ ಎಂದು ಕೈ ಆಡಿಸಿದರೂ ನಿಲ್ಲಿಸಲಿಲ್ಲ.

ಆದರೆ ಆ ಮಾತು ನನ್ನ ತಮ್ಮನಿಗೆ ನಾಟಿತು. ಬಿಸಿಲು ಬೆನ್ನಿಗೆ ಬಿದ್ದ ಮೇಲೆ ಏಳುತ್ತಿದ್ದವನು ಕೋಳಿಗಿಂತ ಮುಂಚೆ ಎದ್ದ. ಗುಟ್ಕಾ ಬಿಟ್ಟ. ನಮ್ಮೂರಿಂದ ಶಿಬಿರದವರೆಗೆ ಬಸ್ಸಿಗೆ ಕಾಯದೆ ಓಡಿಯೇ ಹೋಗುವ ಹುಚ್ಚು ಹತ್ತಿಸಿಕೊಂಡ. ಲಿಖಿತ ಪರೀಕ್ಷೆಗೆ ನಾನೇ ಕೂತು ಓದಿಸಿದೆ. ಲೆಕ್ಕದಲ್ಲಿ ದಡ್ಡ, ಬೈದರೆ ಮೊದಲೆಲ್ಲ ಪುಸ್ತಕ ಬಿಸಾಡಿ ಎದ್ದು ಹೋಗುತ್ತಿದ್ದ; ಈಗ ತಲೆ ತಗ್ಗಿಸಿ ಮತ್ತೆ ಮಾಡುತ್ತಿದ್ದ. ನನಗೆ ಆಶ್ಚರ್ಯವಾಗಿ ಒಂದು ದಿನ ಕೇಳಿಯೇಬಿಟ್ಟೆ.

"ಯಾಕ್ಲಾ ಇಷ್ಟೊಂದು? ನಾಕು ವರ್ಸಕ್ಕೆ ಮನೆಗೆ ಕಳುಸ್ತಾರಂತೆ ಮುಕ್ಕಾಲು ಪಾಲು ಜನನ್ನ. ಗೊತ್ತಲ್ವಾ?"

"ಗೊತ್ತು ಕಣಕ್ಕ," ಎಂದ. ಕಚ್ಚುತ್ತಿದ್ದ ಪೆನ್ನು ಕೆಳಗಿಟ್ಟು ಹೇಳಿದ. "ಇದೊಂದೇಯ ಯಾರ್ ಕೈಕಾಲೂ ಹಿಡೀದಂಗೆ ಸಿಗಾದು. ಓಡುದ್ರೆ ತಕತಾರೆ. ಓಡ್ನಿಲ್ವಾ, ಇಲ್ಲ. ಅಪ್ಪಂದು, ನಿಂದು, ಎಲ್ಲಾ ಯಾರೋ ಕೊಡ್ಸಿದ್ದು. ನಂದೊಂದು ನಾನೇ ತಕೋಬೇಕು."

ನನಗೆ ಮೈ ಉರಿಯಿತು, ನನ್ನ ಕೆಲಸವನ್ನೂ ಸೇರಿಸಿದನಲ್ಲ ಎಂದು. ಅದಕ್ಕಿಂತ ಹೆಚ್ಚಾಗಿ ಪ್ರೀತಿ ಉಕ್ಕಿತು. ನಮ್ಮ ಮನೆಯಲ್ಲಿ ಅಂಥ ಮಾತನ್ನು ಯಾರೂ ಆಡಿರಲಿಲ್ಲ. ಅವನಿಗೆ ಅದು ಕೊನೆಯ ಅವಕಾಶ. ಆ ಸಲ ತಪ್ಪಿದರೆ ವಯಸ್ಸು ಮೀರುತ್ತಿತ್ತು.

ಸುಬೇದಾರರ ಕಣ್ಣಿಗೆ ಹಚ್ಚೆ ಬಿದ್ದದ್ದು ಎದೆಯಳತೆಯ ದಿನ. ಎಲ್ಲರೂ ಬನಿಯನ್ ಕಳಚಿ ಸಾಲಾಗಿ ನಿಂತಿದ್ದಾಗ ನನ್ನ ತಮ್ಮನ ಮುಂದೆ ನಿಂತುಬಿಟ್ಟರಂತೆ. ಆ ಸಂಜೆಯೇ ನಮ್ಮ ಮನೆಗೆ ಬಂದರು. ಅವ್ವ ಕೊಟ್ಟ ಕಾಫಿ ಕುಡಿದು ಅಪ್ಪನಿಗೆ ನೇರವಾಗಿ ಹೇಳಿದರು.

"ಮೊಣಕೈಯಿಂದ ಕೆಳೀಕೆ, ಒಳಮಗ್ಗುಲಲ್ಲಿದ್ರೆ ಬುಡ್ತಾರೆ. ಅಂಗೈ ಇಂದ್ಗಡೆ ಇದ್ರೂ ಬುಡ್ತಾರೆ. ತೋಳ್ ಮೇಲಿದ್ರೆ ಬುಡಲ್ಲ. ಉಡ್ಗ ಚೆನ್ನಾಗ್ ಓಡ್ತಾನೆ ಗೌಡ್ರೇ, ನನ್ ಕಣ್ಣಿಗ್ ಬಿದ್ದೋರಲ್ಲೆಲ್ಲಾ ಇವ್ನೇ ಮುಂದು. ಇದನ್ನ ಏನಾರಾ ಮಾಡಿ."

ಅಪ್ಪ ನಕ್ಕ. ಆ ನಗು ಈಗಲೂ ನನ್ನ ಹೊಟ್ಟೆ ಉರಿಸುತ್ತದೆ. "ಸಾ, ಅದು ಯಾರ ಸೈನು ಅಂತ ನೋಡುದ್ರಾ? ಬೇರೆಯೋರ್ದಾಗಿದ್ರೆ ಅನ್ನಿ. ಶಿಬ್ರ ನಡ್ಸೋರೇ ಅವ್ರು. ಅದನ್ನ ನೋಡುದ್ ಮ್ಯಾಲೆ ಯಾರ್ ಕಡೆ ಉಡ್ಗ ಅಂತ ಆಪೀಸರ್‌ಗಳಿಗೂ ತಿಳೀತದೆ."

ಸುಬೇದಾರರು ನನ್ನ ಮುಖ ನೋಡಿದರು. ನಾನು ಮೊಬೈಲಿನಲ್ಲಿ ನಿಯಮ ಹುಡುಕಿ ಅಪ್ಪನಿಗೆ ಓದಿ ಹೇಳಿದೆ. "ಮೊಬೈಲಲ್ಲಿ ಏನ್ ಬೇಕಾರೂ ಬರೀತಾರೆ," ಎಂದ. ದಿನಗಟ್ಟಲೆ ಜಗಳವಾಡಿದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಜೊತೆ ಏನು ಜಗಳ! ತಾಲೂಕು ಕಚೇರಿ, ಪೊಲೀಸ್ ಠಾಣೆ, ಆಸ್ಪತ್ರೆ, ಕಾಲೇಜು, ಎಲ್ಲೆಲ್ಲಿ ಆ ಸಹಿ ತೋರಿಸಿದ್ದನೋ ಅಲ್ಲೆಲ್ಲ ಅಪ್ಪನಿಗೆ ಬಾಗಿಲು ತೆರೆದಿತ್ತು. ಲೋಕದಲ್ಲಿ ಆ ಸಹಿ ನಡೆಯದ ಜಾಗವೊಂದಿದೆ ಎಂದು ಅವನಿಗೆ ಹೇಗೆ ನಂಬಿಸುವುದು? ಹಚ್ಚೆ ಅಳಿಸುವುದೆಂದರೆ ಅಪ್ಪನಿಗೆ ಉಂಡ ಮನೆಗೆ ಎರಡು ಬಗೆದಂತೆ. ಯಾರಾದರೂ ಹೋಗಿ ಶಾಸಕರಿಗೆ ಚಾಡಿ ಹೇಳಿದರೆ ಏನು ಗತಿ ಎಂಬ ಭಯವೂ ಇತ್ತು.

ಕೊನೆಗೆ ಅಪ್ಪನಿಗೆ ಹೇಳದೆ ತಮ್ಮನನ್ನು ಹಾಸನಕ್ಕೆ, ಚರ್ಮದ ವೈದ್ಯರ ಬಳಿಗೆ ಕರೆದುಕೊಂಡು ಹೋದೆ. ಅವರು ಲೇಸರ್‌ನಿಂದ ತೆಗೆಯಬಹುದು, ಆದರೆ ಒಂದೇ ಸಲಕ್ಕೆ ಆಗುವುದಿಲ್ಲ, ಪ್ರತಿ ಸಲದ ನಡುವೆ ವಾರಗಟ್ಟಲೆ ಬಿಡಬೇಕು, ಪೂರ್ತಿ ಹೋಗಲು ಒಂದು ವರ್ಷವೂ ಬೇಕಾದೀತು, ಹೋದರೂ ಗುರುತು ಉಳಿಯಬಹುದು ಎಂದರು. ನಮಗಿದ್ದದ್ದು ಕೆಲವೇ ತಿಂಗಳು. ಶುರುಮಾಡಿಸಿದೆವು. ಪ್ರತಿ ಸಲ ತೋಳು ಬೊಬ್ಬೆ ಎದ್ದು ಊದಿಕೊಳ್ಳುತ್ತಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ತೋಳಿಗೆ ಗಾಳಿ ತಾಗಿಸಿಕೊಳ್ಳುತ್ತಾ ಬರುತ್ತಿದ್ದ. ನೋವಾ ಎಂದರೆ, "ಆಕ್ಸ್ಕಳವಾಗ ಇಷ್ಟ್ ನೋಯ್ಲಿಲ್ಲ," ಎನ್ನುತ್ತಿದ್ದ. ಮೊದಲು ಚುಕ್ಕಿಗಳು ಹೋದವು. ಆಮೇಲೆ ಅಡ್ಡಗೆರೆ ಮಾಸಿತು. ದೊಡ್ಡದಾಗಿ ಸುತ್ತಿಕೊಂಡಿದ್ದ ಮೊದಲ ಅಕ್ಷರ ಮಾತ್ರ ಬೂದುಬಣ್ಣಕ್ಕೆ ತಿರುಗಿ ಹಾಗೇ ನಿಂತಿತು.

ಅಪ್ಪನಿಗೆ ಗೊತ್ತಾಗದೆ ಇರಲಿಲ್ಲ. ಸ್ನಾನದ ಮನೆಯಿಂದ ಬಂದ ಮಗನ ತೋಳು ನೋಡಿ ಒಂದು ವಾರ ನಮ್ಮಿಬ್ಬರ ಜೊತೆ ಮಾತು ಬಿಟ್ಟ. ಡೈರಿಗೆ ಬಂದವರ ಮುಂದೆ, "ಓದಿರೋ ಮಗಳು ಮನೇಲಿದ್ರೆ ಇಂಗೇ," ಎಂದನಂತೆ.

ಲಿಖಿತ ಪರೀಕ್ಷೆಯಲ್ಲಿ ತಮ್ಮ ಹೇಗೋ ಪಾಸಾದ. ಸೇನಾ ಭರ್ತಿ ಹಾಸನದಲ್ಲೇ ನಡೆಯಿತು. ಹೊರಗೆ ರಸ್ತೆಬದಿಯಲ್ಲಿ ಹಲವು ಜಿಲ್ಲೆಗಳ ಹುಡುಗರು, ಅವರ ಅಪ್ಪಂದಿರು, ಟವೆಲ್ ಹಾಸಿಕೊಂಡು ಮಲಗಿದ್ದವರು, ಚಿತ್ರಾನ್ನ ಮಾರುವವರು. ನಾನೂ ಅಪ್ಪನೂ ಒಂದು ಮರದ ಬುಡದಲ್ಲಿ ಕೂತೆವು. ಅಪ್ಪ ಆಗಲೂ ಒಂದು ಬುದ್ಧಿಮಾತು ಹೇಳಿಯೇ ಕಳಿಸಿದ್ದ. "ಕೇಳುದ್ರೆ ಮುಚ್ಬ್ಯಾಡ. ಧೈರ್ಯವಾಗಿ ಅವ್ರೆಸ್ರು ತಗಾ."

ಓಟದಲ್ಲಿ ತಮ್ಮ ಗೆದ್ದ. ಮೊದಲ ಗುಂಪಿನಲ್ಲೇ ಬಂದ. ಕಂಬಕ್ಕೆ ಜೋತು ಮೈ ಎಳೆಯುವುದರಲ್ಲೂ ಪೂರ್ತಿ ಅಂಕ. ಗೇಟಿನಾಚೆಯಿಂದ ಕೈ ಎತ್ತಿ ತೋರಿಸಿದ. ಮೈಯೆಲ್ಲ ಕೆಂಪು ಧೂಳು, ಹಲ್ಲು ಮಾತ್ರ ಬೆಳ್ಳಗೆ. ಅವನು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಅಪ್ಪ ಪಕ್ಕದಲ್ಲಿದ್ದವರನ್ನೆಲ್ಲ ಕರೆದು ಕರೆದು ನನ್ನ ಮಗ ಎಂದು ಹೇಳಿದ.

ಮಾರನೆಯ ದಿನ ವೈದ್ಯಕೀಯ ತಪಾಸಣೆ. ಹೊರಗೆ ಬಂದವನು ನಮ್ಮನ್ನು ನೋಡಿದರೂ ನೋಡದವನಂತೆ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡ. ನಿಧಾನವಾಗಿ ತೊಳೆದುಕೊಂಡ. ಆಮೇಲೆ ಬಂದು ಹೇಳಿದ. ವೈದ್ಯರು ತೋಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಹಿಂದಿಯಲ್ಲಿ ಏನೋ ಕೇಳಿದರಂತೆ. ಪಕ್ಕದಲ್ಲಿದ್ದವನು ಕನ್ನಡದಲ್ಲಿ, ಇದು ಯಾರ ಸಹಿ ಎಂದ. ನಮ್ಮ ಶಾಸಕರದು ಎಂದು ಇವನು ಹೇಳಿದ. ಅವರು ನಗಲಿಲ್ಲ, ಬೈಯಲಿಲ್ಲ. ಯಾಕೆ ಹಾಕಿಸಿಕೊಂಡೆ ಎಂದು ಕೇಳಿದರು, ಅಷ್ಟೇ.

"ಏನಂದೆ?" ಎಂದೆ.

"ಏನನ್ಲಿ? ಸುಮ್ನೆ ನಿಂತಿದ್ದೆ."

ಹಚ್ಚೆಯ ಕಾರಣಕ್ಕೆ ಅನರ್ಹ ಎಂದು ಬರೆದು ಕಳಿಸಿದ್ದರು. ಮೇಲ್ಮನವಿಗೆ ಅವಕಾಶವಿತ್ತು. ಬೆಂಗಳೂರಿನ ಸೇನಾ ಆಸ್ಪತ್ರೆಗೂ ಹೋಗಿ ಬಂದೆವು. ಅಲ್ಲಿಯೂ ಅದೇ ಉತ್ತರ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಊರೆಲ್ಲ ಮರುಗಿತು. ಆ ತುತ್ತನ್ನು ತಡೆದದ್ದು ಯಾವುದು ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಅಪ್ಪನ ಹತ್ತಿರ ಇನ್ನೊಂದೇ ದಾರಿ ಉಳಿದಿತ್ತು. ಅವನಿಗೆ ಗೊತ್ತಿದ್ದದ್ದೂ ಅದೊಂದೇ. ಮೂವರೂ ಬೆಳಗ್ಗೆ ಶಾಸಕರ ಮನೆಗೆ ಹೋದೆವು. ವರಾಂಡದ ತುಂಬ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ತುಂಬ ಜನ. ವರ್ಗಾವಣೆ, ಪಿಂಚಣಿ, ಟ್ರಾನ್ಸ್‌ಫಾರ್ಮರ್ ಸುಟ್ಟುಹೋದದ್ದು, ಅಳಿಯ ಮಗಳನ್ನು ಬಿಟ್ಟದ್ದು. ನಮ್ಮ ಸರದಿ ಬಂದಾಗ ಅಪ್ಪ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ.

"ಎಲ್ಲಿ, ಬಿಚ್ಚು ನೋಡಣ," ಎಂದರು ಶಾಸಕರು.

ತಮ್ಮನು ಅಂಗಿಯ ಗುಂಡಿ ಬಿಚ್ಚಿ ತೋಳು ಹೊರಗೆಳೆದ. ಶಾಸಕರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಬೆರಳಿನಿಂದ ಆ ಬೂದು ಅಕ್ಷರವನ್ನು ತಡವಿದರು. "ನಂದೇ," ಎಂದರು ಸಣ್ಣ ದನಿಯಲ್ಲಿ. "ಯಾರಪ್ಪಾ ನಿಂಗೆ ಆಕ್ಸ್ಕ ಅಂದೋರು?" ಅವರ ಹಿಂದೆ ನಿಂತಿದ್ದವರಲ್ಲಿ ಹುಟ್ಟುಹಬ್ಬದ ಶಾಮಿಯಾನ ಹಾಕಿಸಿದವರೂ ಇದ್ದರು. ಅವರು ಬೇರೆಲ್ಲೋ ನೋಡುತ್ತಿದ್ದರು.

ಶಾಸಕರು ಫೋನು ತೆಗೆದುಕೊಂಡರು. ಯಾರಿಗೋ ಮಾಡಿದರು, ಅವರಿಂದ ಇನ್ಯಾರದೋ ನಂಬರು ಪಡೆದು ಮತ್ತೆ ಮಾಡಿದರು. ಎರಡನೆಯ ಸಲ ಮಾತಾಡುವಾಗ ಕುರ್ಚಿಯಿಂದ ಎದ್ದು ನಿಂತರು. ತಡವರಿಸುವ ಇಂಗ್ಲಿಷಿನಲ್ಲಿ, ಮಾತಿಗೊಮ್ಮೆ ಸಾರ್ ಸಾರ್ ಎನ್ನುತ್ತಾ, ಬೇಡಿಕೊಂಡರು. ನಿಜವಾಗಿಯೂ ಬೇಡಿಕೊಂಡರು. ಅಪ್ಪ ಅವರನ್ನು ಹಾಗೆ ಎಂದೂ ಕಂಡಿರಲಿಲ್ಲ. ತಲೆ ತಗ್ಗಿಸಿ ನೆಲ ನೋಡುತ್ತಾ ನಿಂತ.

ಫೋನು ಇಟ್ಟು ಶಾಸಕರು ಹೇಳಿದರು. "ಅಲ್ಲಿ ನಡೆಯಲ್ಲ ಕಣಪ್ಪ. ಅಲ್ಲಿ ನಾನ್ಯಾರೂ ಅಲ್ಲ."

"ಗೊತ್ತು ಸಾ," ಎಂದ ತಮ್ಮ. "ಅದ್ಕೇ ಅಲ್ಲಿಗ್ ಓಗ್ಬೇಕು ಅಂತಿದ್ದಿದ್ದು."

ಶಾಸಕರಿಗೆ ಸಿಟ್ಟು ಬರುತ್ತದೆ ಎಂದುಕೊಂಡೆ, ಬರಲಿಲ್ಲ. ಅವರು ತಮ್ಮನ ಅಂಗಿಯನ್ನು ತಾವೇ ತೋಳಿನ ಮೇಲೆ ಎಳೆದು ಹೊದಿಸಿ, ಹಿಂದೆ ತಿರುಗಿ, "ಇನ್ಮೇಲೆ ಹಚ್ಚೆ ಗಿಚ್ಚೆ ಏನೂ ಇರ್ಕೂಡ್ದು, ಕೇಳುಸ್ತಾ?" ಎಂದು ಗದರಿದರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಆಮೇಲೆ ತಮ್ಮನ ಹೆಗಲ ಮೇಲೆ ಕೈಯಿಟ್ಟು, "ನಾಳೆಯಿಂದ ನಮ್ ಆಪೀಸ್ ಕಡೆ ಬಾ. ಶಿಬ್ರದ್ ಉಸ್ತುವಾರಿ ನೋಡ್ಕ. ನಾನಿರಗಂಟ ನಿನ್ನ ಕೈಬುಡಲ್ಲ," ಎಂದರು.

ಬರುವಾಗ ಬಸ್ಸಿನಲ್ಲಿ ಅಪ್ಪನ ಮುಖ ಅರಳಿತ್ತು. "ನೋಡ್ದಾ? ಅಷ್ಟ್ ಜನದ್ ಮುಂದೆ ಎಗಲ್ ಮ್ಯಾಲ್ ಕೈಯಾಕುದ್ರು. ಅವರ ಸೈನು ಸುಮ್ನೆ ಓಗಲ್ಲ ಅಂತ ನಾನ್ ಮೊದ್ಲೇ ಅಂದಿರ್ನಿಲ್ವಾ?" ಎಂದು ಮನೆಯವರೆಗೂ ಹೇಳುತ್ತಲೇ ಇದ್ದ. ಅವನನ್ನು ಬೈಯಲು ನನ್ನಲ್ಲಿ ಶಕ್ತಿ ಇರಲಿಲ್ಲ. ತಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದ. ರಸ್ತೆಯ ಅಂಚಿನಲ್ಲಿ ಶಿಬಿರದ ಒಂದಷ್ಟು ಹುಡುಗರು ಓಡುತ್ತಿದ್ದರು. ಅವರು ಕಾಣದಾಗುವವರೆಗೂ ಕುತ್ತಿಗೆ ತಿರುಗಿಸಿ ನೋಡಿದ.

ಈಗ ಅವನು ಶಾಸಕರ ಕಾರಿನ ಹಿಂದೆ ಬರುವ ಕಾರಿನಲ್ಲಿ ಓಡಾಡುತ್ತಾನೆ. ಶಿಬಿರದ ಬೂಟು, ಮೊಟ್ಟೆ, ಫ್ಲೆಕ್ಸು ಎಲ್ಲ ಅವನದೇ ಜವಾಬ್ದಾರಿ. ಬಿಳಿ ಅಂಗಿ ಹಾಕುತ್ತಾನೆ. ಹೊಟ್ಟೆ ಬಂದಿದೆ, ಗುಟ್ಕಾ ಮತ್ತೆ ಶುರುವಾಗಿದೆ. ಓಡುವುದಿಲ್ಲ. ಅವನ ಜೊತೆ ಓಡಿದ್ದ ಸಾಲಗಾಮೆ ಕಡೆಯ ಹುಡುಗನೊಬ್ಬ ಸೈನ್ಯಕ್ಕೆ ಸೇರಿ ಹಿಮದಲ್ಲಿ ನಿಂತ ಫೋಟೋ ಕಳಿಸಿದಾಗ, ನೋಡಿ, ಮೊಬೈಲನ್ನು ನನ್ನ ಕೈಗೆ ಕೊಟ್ಟ. ಸುಬೇದಾರರು ಶಿಬಿರ ಬಿಟ್ಟು ಹೋದರು. ಹೋಗುವ ಮುಂಚೆ ನಮ್ಮ ಮನೆಗೆ ಬಂದಿದ್ದರು, ಕಾಫಿ ಬೇಡ ಎಂದರು.

ಅಜ್ಜಿ ತೀರಿಕೊಂಡಳು. ಮೈ ತೊಳೆಯುವಾಗ ಓಲೆ, ಮೂಗುಬೊಟ್ಟು, ಬಳೆ ಎಲ್ಲ ಬಿಚ್ಚಿ ಅವ್ವನ ಸೆರಗಿಗೆ ಹಾಕಿದರು. ಮುಂಗೈಯ ಹಸಿರು ಹಚ್ಚೆ ಮಾತ್ರ ನೀರಿನಲ್ಲಿ ನೆನೆದು ಇನ್ನೂ ಎದ್ದು ಕಾಣುತ್ತಿತ್ತು. ತಮ್ಮ ಆಗ ಬಾಗಿಲ ಹತ್ತಿರವೇ ನಿಂತಿದ್ದ.

ಈ ಸಲದ ಹುಟ್ಟುಹಬ್ಬ ಅರಕಲಗೂಡಿನಲ್ಲಾಯಿತು. ಒಂದೇ ಶಾಮಿಯಾನದಡಿ ಒಂದು ಬದಿಗೆ ಸೇನಾ ಶಿಬಿರಕ್ಕೆ ಹೆಸರು ಬರೆಸುವ ಮೇಜು, ಇನ್ನೊಂದು ಬದಿಗೆ ಹಚ್ಚೆಯವರು. ಬೇಡವೆಂದು ಶಾಸಕರು ಹೇಳಿದ್ದರಂತೆ, ಅಭಿಮಾನಿಗಳು ಕೇಳಲಿಲ್ಲವಂತೆ. ಆ ಸಂಜೆ ತಮ್ಮನು ಮನೆಗೆ ಬಂದು, ಕೈಕಾಲು ತೊಳೆಯಲು ಅಂಗಿ ಕಳಚಿದಾಗ ನೋಡಿದೆ. ತೋಳಿಗೆ ಪ್ಲಾಸ್ಟಿಕ್ ಸುತ್ತಿತ್ತು.

"ಏನ್ಲಾ ಇದು?" ಎಂದೆ.

"ಅರ್ದಂಬರ್ದ ಇತ್ತಲ್ಲಕ್ಕ. ನೋಡ್ದೋರು ನಗ್ತಿದ್ರು, ಅಳುಸ್ಕಂಡವ್ನೆ ಅಂತ," ಎಂದ. "ಓಗಲ್ಲ ಅಂದ್ಮೇಲೆ ನೆಟ್ಗಾರಾ ಕಾಣ್ಲಿ ಬುಡು."

ಪ್ಲಾಸ್ಟಿಕ್ಕಿನ ಕೆಳಗೆ ಸಹಿ ಕಪ್ಪಗೆ, ಹೊಸದಾಗಿ ಇತ್ತು. ಅಡ್ಡಗೆರೆ ಇತ್ತು. ಲೇಸರಿನಲ್ಲಿ ಎಲ್ಲಕ್ಕಿಂತ ಮೊದಲು ಅಳಿಸಿಹೋಗಿದ್ದ ಎರಡು ಚುಕ್ಕಿಗಳೂ ಇದ್ದವು.